ಆ ಕಾದಂಬರಿಯಲ್ಲಿ ಅವಳಿಗೆ ಗೆಳತಿ ಯಾರು?

ನಮ್ಮ ಬೀದಿಯ ಮಹಿಳಾ ಸಂಘದ ಸಭೆ ಪ್ರತಿ ಗುರುವಾರ ಸಂಜೆ ಅಂಗನವಾಡಿಯ ಕೋಣೆಯಲ್ಲಿ ನಡೆಯುತ್ತದೆ. ಕಾಲೇಜಿನ ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಅಲ್ಲಿ ಲೆಕ್ಕ ಬರೆಯುವ ಕೆಲಸ ವಹಿಸಿಕೊಂಡೆ. ಒಂದು ದಿನ ನನ್ನ ಚೀಲದಿಂದ ಲೆಕ್ಕದ ಪುಸ್ತಕದ ಜೊತೆಗೆ ಒಂದು ಕಾದಂಬರಿಯೂ ಹೊರಗೆ ಬಂತು. ಹೂ ಮಾರುವ ಸದಸ್ಯೆಯೊಬ್ಬರು ಅದನ್ನು ತಿರುವಿ ನೋಡಿ, "ಇದರಲ್ಲಿ ಏನಿದೆ ಮೇಡಂ?" ಎಂದರು. "ಗಂಡ ಹೆಂಡತಿಯ ಕಥೆ" ಎಂದೆ. "ಅದಕ್ಕೆ ದುಡ್ಡು ಕೊಟ್ಟು ಪುಸ್ತಕ ತರಬೇಕಾ? ನಮ್ಮ ಮನೆಗೆ ಬನ್ನಿ, ಪುಕ್ಕಟೆ ನೋಡಬಹುದು" ಎಂದರು. ಎಲ್ಲರೂ ನಕ್ಕೆವು.

ನಕ್ಕೆನಾದರೂ ಆ ಮಾತು ನನ್ನನ್ನು ಬಿಡಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಕನ್ನಡ ಪಾಠ ಮಾಡಿದವಳು. ಎಷ್ಟೋ ಕಾದಂಬರಿಗಳನ್ನು ತರಗತಿಯಲ್ಲಿ ಓದಿಸಿದ್ದೇನೆ. "ನಾಯಕಿಯ ಪಾತ್ರಚಿತ್ರಣ ಮಾಡಿ" ಎಂದು ಪ್ರಶ್ನೆ ಕೊಟ್ಟು ಹತ್ತಕ್ಕೆ ಇಷ್ಟೆಂದು ಅಂಕ ಹಾಕಿದ್ದೇನೆ. "ತಾಳ್ಮೆಯ ಮೂರ್ತಿ", "ತ್ಯಾಗಮಯಿ" ಎಂದು ಬರೆದ ಹುಡುಗಿಯರಿಗೆ ಒಂದು ಅಂಕ ಹೆಚ್ಚೇ ಕೊಟ್ಟಿದ್ದೇನೆ. ಹಾಗಾದರೆ ಕಾದಂಬರಿಯಿಂದ ನಮ್ಮ ಸಂಘದ ಹೆಣ್ಣುಮಕ್ಕಳಿಗೆ ಏನು ಉಪಯೋಗ? ಪ್ರೀತಿ, ಸ್ನೇಹ, ತನ್ನನ್ನು ತಾನು ಕಂಡುಕೊಳ್ಳುವುದು ಎಂದು ಇವತ್ತಿನ ಕಾದಂಬರಿಗಳ ಹಿಂಬದಿಯ ರಟ್ಟಿನ ಮೇಲೆ ಅಚ್ಚಾಗಿರುವ ಮಾತುಗಳು ಏಟು ತಿಂದವಳ ಮನೆಯೊಳಗೆ ಎಷ್ಟು ದೂರ ಬರುತ್ತವೆ?

ಈ ಪ್ರಶ್ನೆಯನ್ನು ಇಟ್ಟುಕೊಂಡು ಇತ್ತೀಚಿನ ವರ್ಷಗಳ ಮೂರು ಕಾದಂಬರಿಗಳನ್ನು ಮತ್ತೆ ಓದಿದೆ. ಒಂದು ಕನ್ನಡದ್ದು. ಒಂದು ನಮ್ಮ ಮಂಗಳೂರಿನಲ್ಲೇ ನಡೆಯುವ ಇಂಗ್ಲಿಷ್ ಕಾದಂಬರಿ. ಇನ್ನೊಂದು ಇಟಲಿಯಿಂದ ಬಂದದ್ದು. ಓದಿದ್ದನ್ನು ಮೂರು ಗುರುವಾರ ಸಂಘದಲ್ಲಿ ಕಥೆಯಾಗಿ ಹೇಳಿದೆ. ಅವರು ಕೇಳಿದ ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತಿದ್ದೇನೆ. ನನ್ನ ವಿಮರ್ಶೆಗಿಂತ ಅವು ಹರಿತವಾಗಿದ್ದವು.

ನಾವು ಓದಿ ಬೆಳೆದ ಪ್ರೀತಿ

ನನ್ನ ತಲೆಮಾರಿನವರಿಗೆ ಪ್ರೀತಿಯ ಮೊದಲ ಪಾಠ ಸಿಕ್ಕಿದ್ದು ವಾರಪತ್ರಿಕೆಯ ಧಾರಾವಾಹಿಗಳಿಂದ. ಬಾಡಿಗೆ ಪುಸ್ತಕದಂಗಡಿಯ ಕಾದಂಬರಿಗಳನ್ನು ದಿಂಬಿನ ಕೆಳಗೆ ಬಚ್ಚಿಟ್ಟು ಓದಿದವರು ನಾವು. ಅವೆಲ್ಲ ಒಂದೇ ತರಹ ಇರಲಿಲ್ಲ. 1963ರಲ್ಲಿ ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ತ್ರಿವೇಣಿಯವರು 'ಶರಪಂಜರ'ದಲ್ಲಿ, ಬಾಣಂತನದ ನಂತರ ಮನಸ್ಸು ಕದಡಿ, ಗುಣವಾಗಿ ಮನೆಗೆ ಬಂದ ಹೆಣ್ಣನ್ನು ಮನೆಯವರೇ ಹೇಗೆ ಮತ್ತೆ ಹುಚ್ಚಿಗೆ ದೂಡುತ್ತಾರೆ ಎಂದು ತೋರಿಸಿದರು. 1980ರ ದಶಕದಲ್ಲಿ ಸಾರಾ ಅಬೂಬಕ್ಕರ್ ಅವರು 'ಚಂದ್ರಗಿರಿಯ ತೀರದಲ್ಲಿ' ಬರೆದರು. ಅಲ್ಲಿ ನಾದಿರಾಳಿಗೆ ಗಂಡನ ಮೇಲೆ ಪ್ರೀತಿಯಿದೆ, ಗಂಡನಿಗೂ ಅವಳ ಮೇಲೆ ಪ್ರೀತಿಯಿದೆ. ಆದರೂ ತಂದೆಯ ಹಟಕ್ಕೆ ಅವಳ ಸಂಸಾರ ಮುರಿಯುತ್ತದೆ. ಕೊನೆಗೆ ಅವಳು ಮಸೀದಿಯ ಕೊಳದ ಪಾಲಾಗುತ್ತಾಳೆ. ಪ್ರೀತಿಯೊಂದೇ ಹೆಣ್ಣನ್ನು ಉಳಿಸುವುದಿಲ್ಲ ಎಂಬುದನ್ನು ಸಾರಾ ಅವರು ಅಂದೇ ಹೇಳಿದ್ದರು.

ಇವುಗಳ ಪಕ್ಕದಲ್ಲೇ ಇನ್ನೊಂದು ಬಗೆಯ ಕಾದಂಬರಿಗಳ ರಾಶಿಯೂ ಇತ್ತು. ಅದರ ನಾಯಕ ಸಿಡುಕ, ಶ್ರೀಮಂತ, ಒಳಗೊಳಗೆ ಒಳ್ಳೆಯವನು. ಮಧ್ಯದಲ್ಲಿ ಒಂದು ಕಪಾಳಮೋಕ್ಷ. ಕೊನೆಯ ಪುಟದಲ್ಲಿ ಪಶ್ಚಾತ್ತಾಪ. ನಾಯಕಿ ಕಣ್ಣೊರೆಸಿಕೊಂಡು ಅವನ ಎದೆಗೊರಗುತ್ತಾಳೆ. ಹೊಡೆತವೂ ಪ್ರೀತಿಯ ಒಂದು ರೂಪ, ಕಾದರೆ ಒಂದು ದಿನ ಅವನು ಬದಲಾಗುತ್ತಾನೆ ಎಂದು ನಮ್ಮ ತಲೆಯಲ್ಲಿ ತುಂಬಿದ್ದು ಈ ರಾಶಿ. ಕೊನೆಯ ಪುಟ ಕಾದಂಬರಿಗೆ ಇರುತ್ತದೆ. ನಮ್ಮ ನೆರೆಮನೆಯವಳಿಗೆ ಆ ಪುಟ ಬರುವುದೇ ಇಲ್ಲ.

ಇಂದಿನ ಕಾದಂಬರಿಗಳು ಈ ರಾಶಿಯನ್ನು ದಾಟಿವೆಯೇ ಎಂಬುದು ನನ್ನ ಮೊದಲ ಕುತೂಹಲವಾಗಿತ್ತು.

ಇರುವೆ ಹೊಸಕುವ ಮನೆ

ವಿವೇಕ ಶಾನಭಾಗರ 'ಘಾಚರ್ ಘೋಚರ್' 2013ರಲ್ಲಿ ಬಂತು. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದಾದ ಪುಟ್ಟ ಕೃತಿ. ಬೆಂಗಳೂರಿನ ಒಂದು ಕೆಳಮಧ್ಯಮ ವರ್ಗದ ಕುಟುಂಬ. ತಂದೆ ಚಹಾಪುಡಿ ಕಂಪನಿಯ ಸೇಲ್ಸ್‌ಮನ್. ಆ ಕೆಲಸ ಹೋದಾಗ ಚಿಕ್ಕಪ್ಪ 'ಸೋನಾ ಮಸಾಲಾ' ಎಂಬ ವ್ಯಾಪಾರ ಶುರುಮಾಡುತ್ತಾನೆ. ದುಡ್ಡು ಹರಿದುಬರುತ್ತದೆ. ಕಥೆ ಹೇಳುವ ಮಗನಿಗೆ ಹೆಸರಿಗೊಂದು ಹುದ್ದೆ, ಕೆಲಸವೇನೂ ಇಲ್ಲ, ತಿಂಗಳು ತಿಂಗಳು ಹಣ ಮಾತ್ರ ಬರುತ್ತದೆ. ಅವನಿಗೆ ಹಿರಿಯರು ನೋಡಿ ಮಾಡಿದ ಮದುವೆಯಾಗುತ್ತದೆ. ಹೆಂಡತಿ ಅನಿತಾ ಹೈದರಾಬಾದಿನಿಂದ ಬಂದವಳು. ಗಂಡನ ದುಡ್ಡು ದುಡಿದದ್ದಲ್ಲ ಎಂದು ತಿಳಿದ ದಿನ ಅವಳಿಗೆ ಆಘಾತವಾಗುತ್ತದೆ. ಏನಾದರೂ ಕೆಲಸ ಮಾಡು ಎನ್ನುತ್ತಾಳೆ.

ಒಂದು ದಿನ ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಡಬ್ಬಿಯಲ್ಲಿ ಅಡುಗೆ ಮಾಡಿಕೊಂಡು ಬಾಗಿಲಿಗೆ ಬರುತ್ತಾಳೆ. ಅತ್ತೆಯೂ ನಾದಿನಿಯೂ ಅವಳನ್ನು ಬಾಯಿಗೆ ಬಂದಂತೆ ಬೈದು ಓಡಿಸುತ್ತಾರೆ. ಚಿಕ್ಕಪ್ಪ ಒಳಗಿನಿಂದ ಹೊರಗೆ ಬರುವುದೇ ಇಲ್ಲ. ಇದು ಸರಿಯಲ್ಲ ಎಂದು ಮನೆಯಲ್ಲಿ ಮಾತಾಡುವವಳು ಅನಿತಾ ಒಬ್ಬಳೇ. ಆ ಕ್ಷಣದಿಂದ ಅವಳು ಆ ಮನೆಗೆ ಹೊರಗಿನವಳು. ಕಥೆಯ ಕೊನೆಗೆ ಅವಳು ಊರಿಗೆ ಹೋದವಳು ಮರಳಿ ಬಂದಿಲ್ಲ. ಮನೆಯವರು ಚಹಾ ಕುಡಿಯುತ್ತಾ, ಕೊಲೆ ಮಾಡುವುದು ಎಷ್ಟು ಸುಲಭ ಎಂದು ಹರಟೆ ಹೊಡೆಯುತ್ತಾರೆ. ಏನಾಯಿತು ಎಂದು ಲೇಖಕರು ಹೇಳುವುದಿಲ್ಲ. ಹೇಳದಿದ್ದರೂ ಓದುಗರಿಗೆ ಹೊಟ್ಟೆಯೊಳಗೆ ಚಳಿ ಹುಟ್ಟುತ್ತದೆ.

ವಿಮರ್ಶಕರು ಈ ಕೃತಿಯಲ್ಲಿ ಹಣ ಮನುಷ್ಯನನ್ನು ಕೆಡಿಸುವ ಬಗೆಯನ್ನು ಕಂಡಿದ್ದಾರೆ. ಅದು ಸರಿಯೇ. ಆದರೆ ನನಗೆ ಮುಖ್ಯವಾಗಿ ಕಂಡದ್ದು ಬೇರೊಂದು ಸಣ್ಣ ಪಾತ್ರ, ಚಿತ್ರಾ. ಮದುವೆಗೆ ಮೊದಲು ಕಾಫಿ ಹೌಸಿನಲ್ಲಿ ಅವನ ಜೊತೆ ಕೂರುತ್ತಿದ್ದ ಹುಡುಗಿ. ಅವಳು ಮಹಿಳೆಯರ ಪರವಾಗಿ ಕೆಲಸ ಮಾಡುವ ಸಂಸ್ಥೆಯಲ್ಲಿದ್ದಳು. ತನ್ನ ಬಳಿ ಬಂದ ಹೆಣ್ಣುಮಕ್ಕಳ ಕಷ್ಟಗಳನ್ನು ಅವನ ಮುಂದೆ ಹೇಳುತ್ತಿದ್ದಳು. ಕೇಳುತ್ತಾ ಕೇಳುತ್ತಾ ಅವನಿಗೆ ತನ್ನನ್ನೇ ಕಟಕಟೆಯಲ್ಲಿ ನಿಲ್ಲಿಸಿದಂತೆ ಅನ್ನಿಸುತ್ತದೆ. ಒಂದು ದಿನ ಕಾರಣವನ್ನೂ ಹೇಳದೆ ಅವಳಿಂದ ದೂರವಾಗುತ್ತಾನೆ. ಅವನು ಯಾರನ್ನೂ ಹೊಡೆದವನಲ್ಲ. ಕೇಳಿಸಿಕೊಳ್ಳುವುದನ್ನು ನಿಲ್ಲಿಸಿದವನು ಅಷ್ಟೇ. ಇಂಥವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಎಂದು ಯೋಚಿಸಿ ನೋಡಿ.

ಈ ಕೃತಿಯ ಬಗ್ಗೆ ನನ್ನದೊಂದು ದೂರಿದೆ. ಅನಿತಾಳ ಮನಸ್ಸಿನೊಳಗೆ ನಮಗೆ ಪ್ರವೇಶವೇ ಇಲ್ಲ. ಎಲ್ಲವೂ ಗಂಡನ ಬಾಯಲ್ಲಿ ಬರುತ್ತದೆ. ಅದು ಲೇಖಕರು ತಿಳಿದೇ ಮಾಡಿದ್ದು, ಅದರಿಂದಲೇ ಕಥೆಗೆ ಬಿಗಿ ಬಂದಿದೆ ಎಂದು ಒಪ್ಪುತ್ತೇನೆ. ಆದರೂ ಮದುವೆಯಾಗಿ ಬೆಂಗಳೂರಿಗೆ ಬಂದ ಆ ಹುಡುಗಿ ಮಧ್ಯಾಹ್ನಗಳಲ್ಲಿ ಯಾರ ಜೊತೆ ಮಾತಾಡಿದಳು ಎಂದು ತಿಳಿಯುವ ಆಸೆ ನನಗೆ ಉಳಿದೇ ಹೋಯಿತು.

ಸಂಘದಲ್ಲಿ ಈ ಕಥೆ ಹೇಳಿದಾಗ, ಬಟ್ಟೆ ಹೊಲಿಯುವ ಸದಸ್ಯೆಯೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಆ ಬಾಗಿಲಿಗೆ ಬಂದವಳ ಹಿಂದೆ ಅನಿತಾ ಓಡಿಹೋಗಿ ಹೆಸರು ಕೇಳಲಿಲ್ಲವಾ? ಅವರಿಬ್ಬರೂ ಒಂದಾಗಿದ್ದರೆ ಆ ಮನೆಯವರು ಏನು ಮಾಡುತ್ತಿದ್ದರು?" ಎರಡು ಸಲ ಓದಿದ್ದರೂ ನನಗೆ ಇದು ಹೊಳೆದಿರಲಿಲ್ಲ.

ಮಂಗಳೂರಿನ ಒಂದು ಬಾಡಿಗೆ ಮನೆ

ಎರಡನೆಯದು ಮೀನಾ ಕಂದಸಾಮಿಯವರ 'ವೆನ್ ಐ ಹಿಟ್ ಯೂ'. ನಾನು ನಿನ್ನನ್ನು ಹೊಡೆದಾಗ ಎಂದು ಹೆಸರಿನ ಅರ್ಥ. 2017ರಲ್ಲಿ ಪ್ರಕಟವಾಯಿತು. ಮರುವರ್ಷ ಇಂಗ್ಲೆಂಡಿನ ಮಹಿಳಾ ಕಾದಂಬರಿ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು. ಲೇಖಕಿ ತಮಿಳುನಾಡಿನವರು. ತಮ್ಮದೇ ಮದುವೆಯಲ್ಲಿ ಅನುಭವಿಸಿದ ಹಿಂಸೆಯಿಂದ ಹುಟ್ಟಿದ ಕಾದಂಬರಿ ಇದು.

ಇಲ್ಲಿ ಹಿರಿಯರು ನೋಡಿದ ಮದುವೆಯಲ್ಲ. ಕ್ರಾಂತಿಯ ಮಾತಾಡುವ, ಸಮಾನತೆಯ ಭಾಷಣ ಮಾಡುವ ಗಂಡಸನ್ನು ಅವಳು ಮೆಚ್ಚಿಯೇ ಮದುವೆಯಾದದ್ದು. ಅವನು ಮಂಗಳೂರಿನಲ್ಲಿ ಕಾಲೇಜು ಅಧ್ಯಾಪಕ. ನನ್ನ ವೃತ್ತಿಯವನೇ! ಓದುವಾಗ ಈ ವಿಷಯ ನನ್ನನ್ನು ಬಹಳ ಚುಚ್ಚಿತು. ಸ್ಟಾಫ್ ರೂಮಿನಲ್ಲಿ ಸ್ತ್ರೀ ಸಮಾನತೆಯ ಬಗ್ಗೆ ನಮಗಿಂತ ಚೆನ್ನಾಗಿ ಮಾತಾಡುತ್ತಿದ್ದ ಕೆಲವರ ಮುಖಗಳು ಕಣ್ಣಮುಂದೆ ಬಂದವು.

ಅವನು ಮೊದಲ ದಿನವೇ ಹೊಡೆಯುವುದಿಲ್ಲ. ಇದನ್ನು ನೀವು ಗಮನಿಸಬೇಕು. ಮೊದಲು ಅವಳು ಫೇಸ್‌ಬುಕ್ ಬಿಡಬೇಕು ಎಂದು ಹಟ ಹಿಡಿಯುತ್ತಾನೆ. ಬಿಡುವವರೆಗೆ ಬೆಂಕಿಕಡ್ಡಿ ಗೀರಿ ತನ್ನ ಕೈಯನ್ನೇ ಸುಟ್ಟುಕೊಳ್ಳುತ್ತಾನೆ. ಪ್ರೀತಿಯ ಹೆಸರಿನಲ್ಲಿ! ಆಮೇಲೆ ಅವಳ ಪತ್ರಗಳಿಗೆ ತಾನೇ ಉತ್ತರ ಬರೆಯುತ್ತಾನೆ. ಒಂದು ದಿನ ಅವಳ ಇಮೇಲ್‌ಗಳನ್ನೆಲ್ಲ ಅಳಿಸಿಹಾಕುತ್ತಾನೆ. ಅಂದರೆ ಅವಳ ಕೆಲಸದ ಪರಿಚಯಗಳು, ಗೆಳೆಯ ಗೆಳತಿಯರು, ಹಳೆಯ ಮಾತುಗಳು ಎಲ್ಲವೂ ಮಾಯ. ಹೊರಗಿನ ದಾರಿಗಳೆಲ್ಲ ಮುಚ್ಚಿದ ಮೇಲೆ ಬೆಲ್ಟು ಬರುತ್ತದೆ, ಪೊರಕೆ ಬರುತ್ತದೆ, ಲ್ಯಾಪ್‌ಟಾಪಿನ ವೈರು ಬರುತ್ತದೆ. ಗೆಳೆತನ ಕತ್ತರಿಸುವುದು ಮೊದಲ ಏಟು. ಮೈಮೇಲೆ ಬೀಳುವುದು ಎರಡನೆಯದು.

ಅವಳು ಫೋನಿನಲ್ಲಿ ತಂದೆ ತಾಯಿಗೆ ಹೇಳುತ್ತಾಳೆ. ಓದಿದವರು, ತಿಳಿದವರು. ಅವರೂ ಹೇಳುವುದು ಅದೇ: ಸ್ವಲ್ಪ ಹೊಂದಿಕೊಂಡು ಹೋಗು, ಮರ್ಯಾದೆ ಹೋಗುತ್ತದೆ. ಸುತ್ತ ಕನ್ನಡದ ಊರು. ಅವಳಿಗೆ ಸಿಕ್ಕಿರುವ ಕನ್ನಡವೆಂದರೆ ಅಂಗಡಿಯ, ಅಡುಗೆಮನೆಯ ಕೆಲವು ಮಾತುಗಳು. ಹಾಲು ಕೊಳ್ಳಬಹುದು, ನೋವು ಹೇಳಿಕೊಳ್ಳಲಾಗುವುದಿಲ್ಲ. ಈ ಭಾಗ ಓದುವಾಗ ನನಗೆ ನಾಚಿಕೆಯಾಯಿತು. ಇದು ಕಾದಂಬರಿಯೇ ಇರಬಹುದು. ಆದರೆ ಉತ್ತರ ಭಾರತದಿಂದ, ತಮಿಳುನಾಡಿನಿಂದ, ನೇಪಾಳದಿಂದ ಮದುವೆಯಾಗಿ, ಕೂಲಿಗಾಗಿ ನಮ್ಮ ಬೀದಿಗೆ ಬಂದ ಎಷ್ಟೋ ಹೆಣ್ಣುಮಕ್ಕಳಿಗೆ ನಾವು "ಎಷ್ಟು", "ಬೇಗ", "ಬೇಡ" ಎಂಬ ಮೂರು ಮಾತಿಗಿಂತ ಹೆಚ್ಚು ಕೊಟ್ಟಿದ್ದೇವೆಯೇ?

ಅವಳಿಗೆ ಉಳಿದದ್ದು ಬರೆಯುವುದೊಂದೇ. ಗಂಡ ಕೆಲಸಕ್ಕೆ ಹೋದಾಗ ಕಲ್ಪನೆಯ ಪ್ರೇಮಿಗಳಿಗೆ ಕಾಗದ ಬರೆಯುತ್ತಾಳೆ, ಅವನು ಬರುವುದರೊಳಗೆ ಅಳಿಸುತ್ತಾಳೆ. ನಾಲ್ಕು ತಿಂಗಳ ನಂತರ ಆ ಮನೆಯಿಂದ ಹೊರಡುತ್ತಾಳೆ. ತವರಿಗೆ ಬಂದ ಮೇಲೆ ಅವಳ ತಾಯಿ ಮಗಳ ಒಡೆದ ಹಿಮ್ಮಡಿಯ ಕಥೆಯನ್ನು, ತಲೆಯ ಹೇನಿನ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಾಳೆ. ಏಟಿನ ಕಥೆಗಿಂತ ಹೇನಿನ ಕಥೆ ಹೇಳುವುದು ಸುಲಭ! ಆದ್ದರಿಂದಲೇ ತನ್ನ ಕಥೆಯನ್ನು ತಾನೇ ಬರೆಯುತ್ತೇನೆ ಎಂದು ಅವಳು ನಿರ್ಧರಿಸುತ್ತಾಳೆ. ತನ್ನನ್ನು ತಾನು ಕಂಡುಕೊಳ್ಳುವುದು ಎಂಬ ಸವೆದ ಮಾತಿಗೆ ಇಲ್ಲಿ ನಿಜವಾದ ಅರ್ಥ ಬಂದಿದೆ.

ಸಂಘದಲ್ಲಿ ಈ ಕಥೆ ಮುಗಿದಾಗ ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಿರಿಯ ಸದಸ್ಯೆಯೊಬ್ಬಳು, "ನನ್ನ ಫೋನಿನ ಲಾಕ್ ಅವರ ಹತ್ತಿರ ಇದೆ. ಅದನ್ನು ನಾನು ಪ್ರೀತಿ ಅಂದುಕೊಂಡಿದ್ದೆ" ಎಂದಳು.

ಕಪ್ಪು ಕನ್ನಡಕ

ಮೂರನೆಯದು ಎಲೆನಾ ಫೆರಾಂಟೆ ಎಂಬ ಗುಪ್ತನಾಮದ ಲೇಖಕಿ ಬರೆದದ್ದು. 2011ರಿಂದ 2014ರವರೆಗೆ ಇಟಲಿಯಲ್ಲಿ ನಾಲ್ಕು ಸಂಪುಟಗಳಾಗಿ ಬಂತು. ಮೊದಲ ಸಂಪುಟದ ಹೆಸರು 'ಮೈ ಬ್ರಿಲಿಯಂಟ್ ಫ್ರೆಂಡ್', ನನ್ನ ಜಾಣ ಗೆಳತಿ. ನಾನು ಇಂಗ್ಲಿಷ್ ಅನುವಾದದಲ್ಲಿ, ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ.

ಎರಡನೇ ಮಹಾಯುದ್ಧ ಮುಗಿದ ನಂತರದ ನೇಪಲ್ಸ್ ನಗರದ ಒಂದು ಬಡ ಬಡಾವಣೆ. ಲೀಲಾ ಚಮ್ಮಾರನ ಮಗಳು, ಎಲೆನಾ ಕಚೇರಿಯ ಜವಾನನ ಮಗಳು. ಇಬ್ಬರೂ ಓದಿನಲ್ಲಿ ಮುಂದು, ಅದರಲ್ಲೂ ಲೀಲಾ ಬೆಂಕಿಯಂಥ ಹುಡುಗಿ. ಎಲೆನಾಳನ್ನು ಮನೆಯವರು ಗೊಣಗುತ್ತಲೇ ಮುಂದಕ್ಕೆ ಓದಿಸುತ್ತಾರೆ. ಲೀಲಾಳ ತಂದೆ ಬೇಡವೆನ್ನುತ್ತಾನೆ. ಹಟ ಮಾಡಿದ ಹತ್ತು ವರ್ಷದ ಹುಡುಗಿಯನ್ನು ಕಿಟಕಿಯಿಂದ ಹೊರಗೆ ಎಸೆಯುತ್ತಾನೆ, ಕೈ ಮುರಿಯುತ್ತದೆ. ಹದಿನಾರಕ್ಕೆ ಅವಳಿಗೆ ಕಿರಾಣಿ ಅಂಗಡಿಯವನ ಜೊತೆ ಮದುವೆ. ಮಧುಚಂದ್ರದಿಂದ ಮರಳಿ ಬಂದಾಗ ಅವಳ ಕಣ್ಣು ಊದಿಕೊಂಡಿದೆ. ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡಿದ್ದಾಳೆ. ಬಂಡೆಯ ಮೇಲೆ ಜಾರಿ ಬಿದ್ದೆ ಎನ್ನುತ್ತಾಳೆ. ಬೀದಿಯವರಿಗೆಲ್ಲ ನಿಜ ಗೊತ್ತು. ಯಾರೂ ಕೇಳುವುದಿಲ್ಲ. ಗಂಡ ಗಂಡಸಿನಂತೆ ನಡೆದುಕೊಂಡ ಎಂದೇ ಅವರ ಭಾವನೆ. ಇಟಲಿಯಲ್ಲಿ ವಿಚ್ಛೇದನಕ್ಕೆ ಅವಕಾಶ ಕೊಡುವ ಕಾನೂನು ಬಂದದ್ದು 1970ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲಿನ ಮದುವೆ ಅದು.

ಈ ಕಾದಂಬರಿಯ ದೊಡ್ಡತನ ಅದರ ಪ್ರಾಮಾಣಿಕತೆಯಲ್ಲಿದೆ. ಗೆಳೆತನವನ್ನು ಅದು ಹೂವಿನ ಹಾರ ಹಾಕಿ ಪೂಜಿಸುವುದಿಲ್ಲ. ಎಲೆನಾಗೆ ಲೀಲಾಳ ಮೇಲೆ ಪ್ರೀತಿಯೂ ಇದೆ, ಹೊಟ್ಟೆಕಿಚ್ಚೂ ಇದೆ. ಲೀಲಾ ನಂಬಿ ಕೊಟ್ಟ ನೋಟ್‌ಪುಸ್ತಕಗಳ ಪೆಟ್ಟಿಗೆಯನ್ನು ಒಂದು ದಿನ ಅವಳೇ ಸೇತುವೆಯ ಮೇಲಿಂದ ನದಿಗೆ ತಳ್ಳುತ್ತಾಳೆ. ಅತ್ತ, ತಾನು ಓದಲಾಗದ ಲೀಲಾ ಗಂಡನ ಅಂಗಡಿಯ ದುಡ್ಡಿನಲ್ಲಿ ಗೆಳತಿಗೆ ಪಠ್ಯಪುಸ್ತಕ ಕೊಡಿಸುತ್ತಾಳೆ. ನನ್ನ ಜಾಣ ಗೆಳತಿ ಎಂಬ ಮಾತು ಲೀಲಾಳ ಬಗ್ಗೆ ಎಂದು ನಾವು ಅಂದುಕೊಂಡಿರುತ್ತೇವೆ. ಆದರೆ ಆ ಮಾತನ್ನು ಆಡುವವಳು ಲೀಲಾ. ತನ್ನ ಮದುವೆಯ ಹೊತ್ತಿನಲ್ಲಿ, ಓದು ನಿಲ್ಲಿಸಬೇಡ ಎಂದು ಎಲೆನಾಗೆ ಹೇಳುತ್ತಾ ಆಡುತ್ತಾಳೆ. ಅಲ್ಲಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಆದರೆ ಆ ಕಪ್ಪು ಕನ್ನಡಕದ ಪುಟಗಳನ್ನು ದಾಟಲು ನನಗೆ ಹೆಚ್ಚು ದಿನ ಹಿಡಿಯಿತು. ಅದಕ್ಕೆ ಕಾರಣವಿದೆ.

ನಾನು ಕೇಳದ ಪ್ರಶ್ನೆ

1980ರ ದಶಕದ ಕೊನೆ. ಕಾಲೇಜಿನಲ್ಲಿ ಬೇರೆ ವಿಭಾಗದ ಉಪನ್ಯಾಸಕಿಯೊಬ್ಬರು ನನಗೆ ಗೆಳತಿಯಾಗಿದ್ದರು. ಮಧ್ಯಾಹ್ನ ಒಟ್ಟಿಗೆ ಬುತ್ತಿ ಬಿಚ್ಚುತ್ತಿದ್ದೆವು. ನಾನು ಕೊಟ್ಟ ಕಾದಂಬರಿಗಳನ್ನೆಲ್ಲ ಓದುತ್ತಿದ್ದರು, ನಾಯಕಿಯರ ಬಗ್ಗೆ ಜಗಳ ಆಡುತ್ತಿದ್ದರು. ಒಂದು ವರ್ಷ ಅವರ ಗಂಡ ದಿನವೂ ಸಂಜೆ ಗೇಟಿನ ಹತ್ತಿರ ಬಂದು ನಿಲ್ಲತೊಡಗಿದರು. "ಎಷ್ಟು ಪ್ರೀತಿ ನೋಡಿ" ಎಂದು ನಾವು ಹಾಸ್ಯ ಮಾಡಿದೆವು. ಆಮೇಲೆ ಅವರು ಬುತ್ತಿ ತರುವುದನ್ನು ನಿಲ್ಲಿಸಿದರು. ಆಮೇಲೆ ಪುಸ್ತಕ ಒಯ್ಯುವುದನ್ನು. "ಓದಲು ಹೊತ್ತಿಲ್ಲ" ಎಂದರು. ಒಂದು ಸೋಮವಾರ ಕೆನ್ನೆಯ ಮೇಲೆ ನೀಲಿ ಗುರುತು. "ಬಚ್ಚಲಲ್ಲಿ ಜಾರಿದೆ" ಎಂದರು. "ಜೋಪಾನ" ಎಂದೆ. ಅಷ್ಟೇ.

ವರದಕ್ಷಿಣೆ ಸಾವುಗಳ ವಿರುದ್ಧ ಮೆರವಣಿಗೆಗೆ ಹೋಗುತ್ತಿದ್ದವಳು ನಾನು. ಸ್ಟವ್ ಸಿಡಿದು ಸತ್ತ ಸೊಸೆಯರ ಸುದ್ದಿ ಓದಿ ಪತ್ರಿಕೆಗೆ ಪತ್ರ ಬರೆಯುತ್ತಿದ್ದವಳು. ಗಂಡನ ಮನೆಯವರ ಕ್ರೌರ್ಯವನ್ನು ಅಪರಾಧವೆಂದು ಹೇಳಿದ 498ಎ ಕಲಮು 1983ರಲ್ಲೇ ಬಂದದ್ದು ನನಗೆ ಗೊತ್ತಿತ್ತು. ಆದರೆ ಎದುರು ಕುಳಿತವಳ ಕೆನ್ನೆಯ ಬಗ್ಗೆ ಎರಡನೇ ಪ್ರಶ್ನೆ ಕೇಳುವುದು ಅವರ ಖಾಸಗಿ ವಿಷಯಕ್ಕೆ ಕೈಹಾಕಿದಂತೆ ಎಂದುಕೊಂಡೆ. ಕೆಲವು ತಿಂಗಳಲ್ಲಿ ಅವರು ಬೇರೆ ಊರಿಗೆ ಹೋದರು.

ನಾನು ನಿವೃತ್ತಳಾದ ವರ್ಷ ಬಸ್ ನಿಲ್ದಾಣದಲ್ಲಿ ಸಿಕ್ಕರು. ಹನ್ನೆರಡು ವರ್ಷ ಸಹಿಸಿ, ಮಗಳನ್ನು ಕರೆದುಕೊಂಡು ಆ ಮನೆ ಬಿಟ್ಟೆ ಎಂದರು. ಈಗ ಚೆನ್ನಾಗಿದ್ದೇನೆ ಎಂದರು. ನಾನು ಕ್ಷಮೆ ಕೇಳಲು ಹೊರಟೆ. ಅವರು ಕೈ ಹಿಡಿದು, "ಬೇಜಾರು ಮಾಡಿಕೊಳ್ಳಬೇಡಿ. ಆದರೆ ಆವತ್ತು ನೀವು ಇನ್ನೊಂದು ಸಲ ಕೇಳಿದ್ದರೆ ನಾನು ಹೇಳುತ್ತಿದ್ದೆ. ಹೇಳಬೇಕು ಅಂತಲೇ ನಿಮ್ಮ ಪಕ್ಕ ಬಂದು ಕುಳಿತಿದ್ದೆ" ಎಂದರು.

ಎಲೆನಾಳ ಬಗ್ಗೆ ತೀರ್ಪು ಕೊಡುವ ಹಕ್ಕು ನನಗಿಲ್ಲ. ಕಾದಂಬರಿಗಳನ್ನು ಓದಿ ಕಣ್ಣೀರಿಟ್ಟವಳು ಪಕ್ಕದ ಕುರ್ಚಿಯ ಕಡೆ ನೋಡದಿದ್ದರೆ ಆ ಓದು ಯಾವ ಪುರುಷಾರ್ಥಕ್ಕೆ?

ಒಂಟಿಯಾಗಿ ಸಿಗುವುದಿಲ್ಲ

ಈಗ ನನ್ನ ಅಭಿಪ್ರಾಯ ಹೇಳುತ್ತೇನೆ. ಇಂದು ಹೆಣ್ಣಿನ ಆತ್ಮಶೋಧನೆಯ ಹೆಸರಿನಲ್ಲಿ ಬರುವ ಅನೇಕ ಕಾದಂಬರಿಗಳಲ್ಲಿ ನಾಯಕಿ ಕೆಲಸ ಬಿಟ್ಟು, ಸಂಬಂಧ ಬಿಟ್ಟು, ಒಬ್ಬಳೇ ದೂರದ ಬೆಟ್ಟಕ್ಕೋ ಸಮುದ್ರ ತೀರಕ್ಕೋ ಹೋಗುತ್ತಾಳೆ. ಅಲ್ಲಿ ಅವಳಿಗೆ ತಾನು ಯಾರೆಂದು ತಿಳಿಯುತ್ತದೆ. ತಿಳಿಯಲಿ, ಸಂತೋಷ. ಆದರೆ ಟಿಕೆಟ್ಟಿಗೆ ದುಡ್ಡು ಎಲ್ಲಿಂದ ಬಂತು, ಮಗುವನ್ನು ಯಾರು ನೋಡಿಕೊಂಡರು, ಮರಳಿ ಬಂದ ರಾತ್ರಿ ಎಲ್ಲಿ ಮಲಗಿದಳು ಎಂದು ಆ ಕಾದಂಬರಿಗಳು ಹೇಳುವುದಿಲ್ಲ. ನಮ್ಮ ಸಂಘದವರು ಮೊದಲು ಕೇಳುವುದು ಅದನ್ನೇ.

ನಾನು ಆರಿಸಿದ ಮೂರು ಕೃತಿಗಳು ಇದಕ್ಕಿಂತ ಆಳವಾದ ಸತ್ಯ ಹೇಳುತ್ತವೆ. ಹೆಣ್ಣಿನ ಪ್ರೀತಿ ಕೆಟ್ಟಿತೇ ಇಲ್ಲವೇ ಎಂದು ತಿಳಿಯಲು ಗಂಡನನ್ನು ನೋಡಿದರೆ ಸಾಲದು, ಅವಳ ಸುತ್ತ ಯಾರು ಉಳಿದಿದ್ದಾರೆ ಎಂದು ನೋಡಬೇಕು. ಅನಿತಾಳಿಗೆ ಯಾರೂ ಇರಲಿಲ್ಲ. ಮಂಗಳೂರಿನ ಆ ಹೆಣ್ಣಿನಿಂದ ಎಲ್ಲರನ್ನೂ ಕಿತ್ತುಕೊಳ್ಳಲಾಯಿತು. ಲೀಲಾಳಿಗೆ ಒಬ್ಬಳು ಇದ್ದಳು, ಏಟು ತಪ್ಪಿಸಲು ಆಗದಿದ್ದರೂ ಕೊನೆಗೆ ಅವಳ ಬದುಕನ್ನು ಮರೆಯದೆ ಬರೆದಿಟ್ಟಳು. ಆದ್ದರಿಂದ ಇನ್ನು ಮೇಲೆ ಯಾವ ಪ್ರೇಮ ಕಾದಂಬರಿ ಓದಿದರೂ, ಯಾವ ಧಾರಾವಾಹಿ ನೋಡಿದರೂ ಒಂದು ಪ್ರಶ್ನೆ ಹಾಕಿ: ಇವಳಿಗೆ ಗೆಳತಿ ಯಾರು? ಅವಳನ್ನು ಕಥೆಯಿಂದ ಹೊರಗೆ ಕಳಿಸಿದವರು ಯಾರು? ಉತ್ತರ ಸಿಕ್ಕರೆ ಆ ಪ್ರೀತಿ ಎಂಥದ್ದೆಂದು ಗೊತ್ತಾಗುತ್ತದೆ.

ಹಾಗೆಂದು ಗೆಳತಿಯರೆಲ್ಲ ಸಾಚಾ ಎಂದು ನಾನು ಹೇಳುತ್ತಿಲ್ಲ. ಮೂರನೇ ಗುರುವಾರ ಕಥೆ ಮುಗಿಸಿ ಲೆಕ್ಕದ ಪುಸ್ತಕ ತೆರೆದಾಗ, ಹೂ ಮಾರುವ ಸದಸ್ಯೆ ಒಂದು ಪುಟದ ಮೇಲೆ ಬೆರಳಿಟ್ಟರು. ಸಾಲದ ಕಾರಣ ಎಂಬ ಕಡೆ ನನ್ನದೇ ಅಕ್ಷರದಲ್ಲಿ "ಮಗಳ ಮದುವೆ ಖರ್ಚು" ಎಂದಿತ್ತು. "ಖರ್ಚು ಅಂದರೆ ಏನು ಮೇಡಂ? ಅದರಲ್ಲಿ ಅರ್ಧ ಹುಡುಗನಿಗೆ ಕೊಟ್ಟದ್ದು. ನಾವೆಲ್ಲ ಸೇರಿ ಕೊಟ್ಟದ್ದು" ಎಂದರು. ಕೋಣೆಯಲ್ಲಿ ಎಲ್ಲರೂ ತಲೆ ತಗ್ಗಿಸಿದೆವು. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ವಾರಕ್ಕೆ ಇಷ್ಟೆಂದು ಕೂಡಿಟ್ಟ ನಮ್ಮ ಬೆವರಿನ ಹಣ ಅದೇ ಅಪರಾಧಕ್ಕೆ ಸಾಲವಾಗಿ ಹೋಗುತ್ತಿತ್ತು, ಅದನ್ನು ಬರೆದಿಟ್ಟವಳು ನಾನು. ಅಂದು ಜಗಳವಾಯಿತು. "ಕೊಡದಿದ್ದರೆ ಮಗಳನ್ನು ಮನೆಯಲ್ಲೇ ಇಟ್ಟುಕೊಳ್ಳಲಾ?" ಎಂದು ಒಬ್ಬ ತಾಯಿ ಅತ್ತರು. ಅವರ ಪ್ರಶ್ನೆಗೆ ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ಈಗ ನಮ್ಮ ಸಂಘದಲ್ಲಿ ಮಗಳ ಓದಿಗೆ, ಹೊಲಿಗೆ ಯಂತ್ರಕ್ಕೆ, ಅವಳದೇ ಹೆಸರಿನ ಖಾತೆಗೆ ಸಾಲ ಕೊಡುವುದು, ಹುಡುಗನ ಕಡೆಗೆ ಕೊಡಲು ಸಾಲವಿಲ್ಲ ಎಂಬ ಮಾತು ನಡೆದಿದೆ. ಇನ್ನೂ ಎಲ್ಲರೂ ಒಪ್ಪಿಲ್ಲ. ಮಾತು ಶುರುವಾಗಿದೆ.

ಇನ್ನೊಂದು ವಿಷಯ ಎಲ್ಲ ಸಂಘಗಳಿಗೂ ತಿಳಿದಿರಲಿ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದು ಮೈಮೇಲಿನ ಏಟನ್ನು ಮಾತ್ರ ದೌರ್ಜನ್ಯ ಎನ್ನುವುದಿಲ್ಲ. ಲೈಂಗಿಕ ಹಿಂಸೆ, ಬೈಗುಳ ಮತ್ತು ಅವಮಾನ, ಖರ್ಚಿಗೆ ಹಣ ಕೊಡದಿರುವುದು, ಅವಳ ಒಡವೆ ಕಿತ್ತುಕೊಳ್ಳುವುದು ಎಲ್ಲವೂ ಅದರಲ್ಲಿ ಸೇರಿದೆ. ಮನೆಯ ಪತ್ರ ಯಾರ ಹೆಸರಿನಲ್ಲಿದ್ದರೂ, ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಬಹಳ ಮುಖ್ಯವಾದ ಮಾತೆಂದರೆ, ದೌರ್ಜನ್ಯ ನಡೆಯುತ್ತಿದೆ ಎಂದು ತಿಳಿದ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ನಂಬಿಕೆಯಿಂದ ತಿಳಿಸಿದವರ ಮೇಲೆ ಯಾವ ಕೇಸೂ ಹಾಕುವಂತಿಲ್ಲ. ಅಂದರೆ ಗೆಳತಿಗೂ ನೆರೆಯವಳಿಗೂ ಕಾನೂನು ಒಂದು ಜಾಗ ಕೊಟ್ಟಿದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181. 498ಎ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳು ಬಂದಿವೆ. ಸಂಖ್ಯೆ ಬದಲಾಗಿದೆ, ಅಪರಾಧ ಅಪರಾಧವೇ. ಆದರೆ ಯಾವ ದೂರಿಗೂ ಮೊದಲು ಅವಳನ್ನು ಕೇಳಿ. ಅವಳ ಬದಲು ನಾವು ತೀರ್ಮಾನ ಮಾಡುವುದೂ ಇನ್ನೊಂದು ಯಜಮಾನಿಕೆಯೇ.

ಗೆಳತಿಯರೇ, ತಿಂಗಳಿಗೊಂದು ಸಭೆಯಲ್ಲಿ ಅರ್ಧ ಗಂಟೆ ಒಂದು ಕಥೆಗೆ ಮೀಸಲಿಡಿ. ಓದು ಬರುವವರು ಓದಲಿ, ಬಾರದವರು ಕೇಳಲಿ, ಎಲ್ಲರೂ ಜಗಳ ಆಡಲಿ. ತನ್ನ ಮನೆಯ ಕಥೆ ಹೇಳಲು ಹೆದರುವವಳು ಅನಿತಾಳ ಕಥೆಯ ಬಗ್ಗೆ ಧಾರಾಳವಾಗಿ ಮಾತಾಡುತ್ತಾಳೆ. ಮಾತಾಡುತ್ತಾ ಮಾತಾಡುತ್ತಾ ಅದು ಯಾವಾಗ ಅವಳದೇ ಕಥೆಯಾಯಿತೆಂದು ಅವಳಿಗೂ ತಿಳಿಯುವುದಿಲ್ಲ. ಕಾದಂಬರಿಯಿಂದ ಏನು ಉಪಯೋಗ ಎಂಬುದಕ್ಕೆ ನನಗೆ ಸಿಕ್ಕ ಉತ್ತರ ಇಷ್ಟೇ.

ಮುಂದಿನ ಸಭೆಗೆ ಯಾರಾದರೂ ಬರದಿದ್ದರೆ ಬಾಕಿಯ ಹಣಕ್ಕಾಗಿ ಮಾತ್ರ ಅವಳ ಮನೆಗೆ ಹೋಗಬೇಡಿ. ಬಂದವಳು ಬಚ್ಚಲಲ್ಲಿ ಜಾರಿದೆ ಎಂದರೆ "ಜೋಪಾನ" ಎಂದು ಹೇಳಿ ಸುಮ್ಮನಾಗಬೇಡಿ. ಎಲ್ಲರೂ ಎದ್ದು ಹೋದ ಮೇಲೆ, ಚಾಪೆ ಸುತ್ತುವ ನೆಪದಲ್ಲಿ ಅವಳ ಪಕ್ಕ ಕುಳಿತು ಇನ್ನೊಂದು ಸಲ ಕೇಳಿ.